ಅಲ್ಪ ಬಂಡವಾಳ, ಅಂಗೈಯಲ್ಲಿ ಅಂಗಡಿ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾದ ಸ್ವ-ಉದ್ಯೋಗ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳನ್ನು ಪೂರೈಸಿದ ಧರ್ಮಕೇಂದ್ರವೊಂದು ಹಿಂದಿರುಗಿ ನೋಡುವುದು ಸಹಜ. ಕಟ್ಟಿದವರನ್ನು ನೆನೆಯುವುದು, ದುಡಿದವರಿಗೆ ಕೃತಜ್ಞತೆ ಸಲ್ಲಿಸುವುದು ನಮ್ಮ ಕರ್ತವ್ಯ. ಆದರೆ ಹಿಂದಿನದನ್ನು ನೆನೆದಷ್ಟೇ ಶ್ರದ್ಧೆಯಿಂದ ಮುಂದಿನದನ್ನೂ ಯೋಚಿಸದಿದ್ದರೆ ಉತ್ಸವವು ದೀಪಾಲಂಕಾರದೊಡನೆಯೇ ಮುಗಿದುಹೋದೀತು. ಆದುದರಿಂದ ಹೊಟ್ಟೆಪಾಡಿನ ವಿಷಯವನ್ನೂ ಈ ವೇದಿಕೆಗೆ ತಂದ ಸಂಚಾಲಕರ ನಿರ್ಧಾರವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಕೈಯಲ್ಲಿ ಹೆಚ್ಚು ಹಣವಿಲ್ಲದವರು, ಮನೆಯಲ್ಲಿದ್ದುಕೊಂಡೇ, ಅಂತರ್ಜಾಲದ ಮೂಲಕ ಚಿಕ್ಕ ವ್ಯಾಪಾರವೊಂದನ್ನು ಆರಂಭಿಸುವುದು ಹೇಗೆ ಎಂಬುದೇ ನಮಗೆ ಒಪ್ಪಿಸಲಾದ ವಿಷಯ.

ನಮ್ಮ ಉದ್ಯಾವರ ಹಿಂದೊಮ್ಮೆ ಅಳುಪ ಅರಸರ ರಾಜಧಾನಿಯಾಗಿದ್ದ ಊರು. ಒಂದು ಕಡೆ ಹೊಳೆ, ಮತ್ತೊಂದು ಕಡೆ ಕಡಲು, ನಡುವೆ ಹೆದ್ದಾರಿ. ಇಷ್ಟೆಲ್ಲ ಇದ್ದರೂ ನಮ್ಮವರು ಅನ್ನವನ್ನರಸಿ ಮೊದಲು ಮುಂಬಯಿಗೆ ಹೋದರು. ಬಳಿಕ ಕೊಲ್ಲಿ ನಾಡುಗಳಿಗೆ ಹೋದರು. ಈಗ ಇಸ್ರೇಲ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋಗುತ್ತಿದ್ದಾರೆ. ಅವರು ಕಳುಹಿಸಿದ ಹಣದಿಂದಲೇ ಎಷ್ಟೋ ಮನೆಗಳಿಗೆ ತಾರಸಿ ಬಂದಿತು, ಎಷ್ಟೋ ಮಕ್ಕಳಿಗೆ ವಿದ್ಯೆ ದೊರೆಯಿತು. ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ 1990ರ ಆಗಸ್ಟ್‌ನಲ್ಲಿ ಕುವೈತ್ ಆಕ್ರಮಣಕ್ಕೆ ತುತ್ತಾದಾಗ, ಮತ್ತೆ 2020ರಲ್ಲಿ ಕೊರೋನಾ ಬಂದಾಗ, ಪರದೇಶದ ಕೆಲಸವೆಂಬುದು ಎಷ್ಟು ತೆಳುವಾದ ದಾರದಲ್ಲಿ ತೂಗುತ್ತದೆ ಎಂಬುದನ್ನು ಕರಾವಳಿಯ ಜನ ಕಣ್ಣಾರೆ ಕಂಡರು.

ಅಲ್ಲದೆ ಹೋಗಲಾರದವರೂ ನಮ್ಮಲ್ಲಿದ್ದಾರೆ. ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳಬೇಕಾದ ಮಗಳು. ಎಳೆಯ ಮಕ್ಕಳ ತಾಯಿ. ಐವತ್ತೈದಕ್ಕೆ ಊರಿಗೆ ಹಿಂದಿರುಗಿ, ಕೈಕಾಲು ಗಟ್ಟಿಯಾಗಿದ್ದರೂ ಕೆಲಸವಿಲ್ಲದೆ ಜಗಲಿಯಲ್ಲಿ ಕುಳಿತ ಅಣ್ಣ. ಪದವಿ ಮುಗಿಸಿ ಕರೆಗಾಗಿ ಕಾಯುತ್ತಿರುವ ತರುಣ. ಇಂದಿನ ಮಾತು ಮುಖ್ಯವಾಗಿ ಇಂಥವರಿಗಾಗಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಆರು ತಿಂಗಳಲ್ಲಿ ಲಕ್ಷಾಧಿಪತಿಯಾಗುವ ದಾರಿಯನ್ನು ತೋರಿಸಲು ನಾವು ಇಲ್ಲಿಗೆ ಬಂದಿಲ್ಲ. ಹಾಗೆ ತೋರಿಸುತ್ತೇನೆಂದು ಬರುವವರಿಂದ ದೂರವಿರಿ ಎಂಬುದೂ ನಮ್ಮ ಮಾತಿನ ಒಂದು ಭಾಗ.

ಎರಡಾಣೆಯ ಪಾಠ

ಅಲ್ಪ ಬಂಡವಾಳದಿಂದ ದೊಡ್ಡ ಕಾರ್ಯವಾಗದು ಎನ್ನುವವರಿಗೆ ನಮ್ಮ ಜಿಲ್ಲೆಯ ಚರಿತ್ರೆಯೇ ಉತ್ತರ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕೊಂದನ್ನು ಸ್ಥಾಪಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಅಂತ್ಯಕ್ಕೆ ಕೈಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶದಾದ್ಯಂತ ಹೆಸರಾಯಿತು. 1912ರಲ್ಲಿ ಮಂಗಳೂರಿನಲ್ಲಿ ಪಿ. ಎಫ್. ಎಕ್ಸ್. ಸಲ್ಡಾನ್ಹಾ ಅವರ ಮುಂದಾಳುತನದಲ್ಲಿ ನಮ್ಮ ಸಮುದಾಯದವರು ಕೆಥೊಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಬಳಿಕ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡಿತು. ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶವಾಗಿತ್ತು.

1928ರಲ್ಲಿ ಆ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಮನೆಯ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುವ ಯೋಜನೆ ಅದು. ಎರಡಾಣೆಯ ಬೆಲೆ ಅತ್ಯಲ್ಪ. ಆದರೆ ಇಂದು ಎರಡಾಣೆ ಕೊಟ್ಟವರ ಬಾಗಿಲಿಗೆ ನಾಳೆಯೂ ತಪ್ಪದೆ ಹೋಗುವ ಆ ನಿಯಮವಿತ್ತಲ್ಲ, ನಿಜವಾದ ಬಂಡವಾಳ ಅದು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್, ಸಿಂಡಿಕೇಟ್ ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಹೆಸರುಗಳು ಫಲಕದಿಂದ ಇಳಿದವು. ಪಾಠ ಮಾತ್ರ ಉಳಿದಿದೆ. ಚಿಕ್ಕದನ್ನು ತಪ್ಪದೆ ಮಾಡು, ಗಿರಾಕಿಯ ಬಾಗಿಲಿಗೆ ನೀನೇ ಹೋಗು, ಲೆಕ್ಕವನ್ನು ಶುದ್ಧವಾಗಿಡು ಎಂಬುದೇ ಆ ಪಾಠ.

ಮುಂಬಯಿಯಲ್ಲಿಯೂ ಇಂಥದೇ ನಿದರ್ಶನವಿದೆ. 1959ರ ಮಾರ್ಚ್ 15ರಂದು ಗಿರ್ಗಾಂವಿನ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ತಾರಸಿಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಮೊದಲ ದಿನ ಆದದ್ದು ನಾಲ್ಕು ಕಟ್ಟು ಹಪ್ಪಳ. ಅದೇ ಇಂದಿನ ಲಿಜ್ಜತ್ ಸಂಸ್ಥೆ. ಸಾವಿರಾರು ಮಹಿಳೆಯರಿಗೆ ಅದು ಅನ್ನ ಕೊಟ್ಟಿದೆ. ಅಂದು ಅವರ ಬಳಿ ಅಂತರ್ಜಾಲವಿರಲಿಲ್ಲ. ಲಟ್ಟಣಿಗೆ ಇತ್ತು, ಒಗ್ಗಟ್ಟಿತ್ತು.

ಮಲ್ಲಿಗೆ ಕಲಿಸಿದ ವ್ಯಾಪಾರ

ದೂರದಲ್ಲಿರುವ, ಮುಖ ಕಾಣದ ಗಿರಾಕಿಗೆ ಸರಕು ಮಾರುವುದು ಹೊಸ ವಿದ್ಯೆಯೆಂದು ಯುವಕರು ಭಾವಿಸುತ್ತಾರೆ. ನೆರೆಯ ಶಂಕರಪುರದತ್ತ ಒಮ್ಮೆ ನೋಡಿ. ಅಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಹಿತ್ತಿಲಲ್ಲಿ ಹತ್ತಾರು ಮಲ್ಲಿಗೆ ಗಿಡಗಳನ್ನಿಟ್ಟುಕೊಂಡು, ಮುಂಬಯಿಯವರೆಗೆ ಹೂ ಕಳುಹಿಸಿ ಸಂಸಾರ ನಡೆಸಿದ ಮನೆಗಳು ಎಷ್ಟಿಲ್ಲ! ಅವರಲ್ಲಿ ಅನೇಕರು ತಮ್ಮ ಹೂ ಮುಡಿದವರನ್ನು ಒಮ್ಮೆಯೂ ಕಂಡವರಲ್ಲ.

ಈ ವ್ಯಾಪಾರ ನಿಂತಿರುವುದು ಹೇಗೆ? ಮೊದಲನೆಯದು, ಅಳತೆ. ಸುಮಾರು 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆ ಎಂದರೆ ಕೊಡುವವನಿಗೂ ಕೊಳ್ಳುವವನಿಗೂ ಅರ್ಥ ಒಂದೇ. ಎರಡನೆಯದು, ದಿನದಿನವೂ ಎಲ್ಲರಿಗೂ ತಿಳಿಯುವ ದರ. ಹಿಂದೆ ಕಟ್ಟೆಗೆ ಹೋಗಿ ಕೇಳಬೇಕಿತ್ತು. ಈಗ ಅದು ಮೊಬೈಲಿಗೇ ಬರುತ್ತದೆ. ಮೂರನೆಯದು, ಸಮಯ. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ತಲಪಿಸದಿದ್ದರೆ ಹೂವಿಗೆ ಬೆಲೆಯಿಲ್ಲ. ನಾಲ್ಕನೆಯದು, ನಡುವಿನವರ ಮೇಲಿನ ನಂಬಿಕೆ. ಅಳತೆ, ದರ, ಸಮಯ, ನಂಬಿಕೆ ಈ ನಾಲ್ಕೇ ಇಂದಿನ ಆನ್‌ಲೈನ್ ವ್ಯಾಪಾರದ ಕಂಬಗಳೂ ಹೌದು. ಯಂತ್ರ ಬದಲಾಗಿದೆ, ಧರ್ಮ ಬದಲಾಗಿಲ್ಲ.

ಬದಲಾದುದು ಏನೆಂಬುದನ್ನೂ ಹೇಳಬೇಕು. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ತೆರೆಯಿತು. 2016ರಲ್ಲಿ ಯುಪಿಐ ಪಾವತಿ ಆರಂಭವಾಯಿತು. ಮುಂಬಯಿಯ ಗಿರಾಕಿ ಕಳುಹಿಸಿದ ಹಣ ಕ್ಷಣಾರ್ಧದಲ್ಲಿ ನಮ್ಮ ಖಾತೆಗೆ ಬೀಳುವಂತಾಯಿತು. 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದಿತು. ಸರಕಿನ ಚಿತ್ರ, ದರ, ವಿಳಾಸಗಳನ್ನು ಮೊಬೈಲಿನಲ್ಲೇ ಜೋಡಿಸಿಡಲು ಅನುಕೂಲವಾಯಿತು. ಹಿಂದೆ ಅಂಗಡಿ ಇಡಬೇಕಾದರೆ ಪೇಟೆಯಲ್ಲಿ ಕೋಣೆ ಬೇಕು, ಮುಂಗಡ ಬೇಕು, ಫಲಕ ಬೇಕು. ಈ ಮೂರೂ ಖರ್ಚುಗಳು ಇಂದು ಇಲ್ಲವೆನ್ನುವಷ್ಟು ತಗ್ಗಿವೆ. ಆದರೆ ಸರಕಿನ ಗುಣ, ಮಾತಿನ ಸತ್ಯ, ದುಡಿಮೆ ಇವುಗಳ ಖರ್ಚು ಒಂದು ಕಾಸೂ ತಗ್ಗಿಲ್ಲ.

ಸುತ್ತಲಿನ ನಿದರ್ಶನಗಳು

ಮಟ್ಟು ನಮಗೆ ದೂರದ ಊರೇನಲ್ಲ. ಅಲ್ಲಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೇರೆ ಕಡೆಯ ಬದನೆಯನ್ನು ಮಟ್ಟುಗುಳ್ಳವೆಂದು ಮಾರುವವರು ಹೆಚ್ಚಿದಾಗ ಬೆಳೆಗಾರರು ಸಂಘ ಕಟ್ಟಿ, ತಮ್ಮ ಗುಳ್ಳಕ್ಕೆ ಚೀಟಿ ಅಂಟಿಸತೊಡಗಿದರು. ಚೀಟಿಯ ಖರ್ಚು ಪೈಸೆಗಳಲ್ಲಿ. ಅದು ಕಾಪಾಡಿದ್ದು ಶತಮಾನಗಳ ಹೆಸರನ್ನು.

ಉಡುಪಿ ಸೀರೆಯ ಕಥೆ ಇನ್ನೂ ಮನಮುಟ್ಟುವಂಥದು. ಒಂದು ಕಾಲದಲ್ಲಿ ಈ ಎರಡು ಜಿಲ್ಲೆಗಳಲ್ಲಿ ಮಗ್ಗದ ಸದ್ದು ಕೇಳದ ಊರಿರಲಿಲ್ಲ. ಬರಬರುತ್ತ ನೇಕಾರರು ಬೆರಳೆಣಿಕೆಗೆ ಇಳಿದರು. 2016ರಲ್ಲಿ ಸೀರೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತಾದರೂ ನೇಯುವ ಕೈಗಳೇ ಉಳಿದಿರಲಿಲ್ಲ. ಕಾರ್ಕಳದ ಕದಿಕೆ ಟ್ರಸ್ಟ್‌ನವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಕೈಜೋಡಿಸಿ, ಹಳೆಯ ನೇಕಾರರನ್ನು ಮರಳಿ ಮಗ್ಗಕ್ಕೆ ಕರೆತಂದರು. ಹೊಸಬರಿಗೆ ತರಬೇತಿ ಕೊಟ್ಟರು. ಅಡಿಕೆ ಚೊಗರಿನ ಸಹಜ ಬಣ್ಣವನ್ನು ಬಳಸಿದರು. ಸೀರೆ ನೇಯ್ದವರು ಯಾರೆಂಬುದನ್ನು ಕೊಳ್ಳುವವರಿಗೆ ತಿಳಿಸಿದರು. ಸಾಮಾಜಿಕ ಜಾಲತಾಣಗಳ ಮೂಲಕ ದೂರದ ನಗರಗಳ ಗಿರಾಕಿಗಳನ್ನು ಮುಟ್ಟಿದರು. ಸೀರೆ ಕೊಂಡವರಿಗೆ ಬಟ್ಟೆಯೊಡನೆ ಒಂದು ಕಥೆಯೂ, ಒಂದು ಕೈಯ ಪರಿಚಯವೂ ದೊರೆಯಿತು. ದೊಡ್ಡ ಗಿರಣಿಗಳು ಕೊಡಲಾರದ್ದು ಇದನ್ನೇ.

ಇನ್ನು ಕಂಪ್ಯೂಟರಿನ ಮಾತು. 1996ರಲ್ಲಿ ರೋಹಿತ್ ಭಟ್ಟರು ಉಡುಪಿಯಲ್ಲೇ ರೋಬೋಸಾಫ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬೆಂಗಳೂರಿಗೆ ಹೋಗದೆ ಸಾಫ್ಟ್‌ವೇರ್ ಸಾಧ್ಯವಿಲ್ಲವೆಂದು ಎಲ್ಲರೂ ನಂಬಿದ್ದ ಕಾಲ ಅದು. ಅವರು ಊರಲ್ಲೇ ನಿಂತು ವಿದೇಶದ ಕಂಪೆನಿಗಳಿಗೆ ಕೆಲಸ ಮಾಡಿಕೊಟ್ಟರು. 2021ರಲ್ಲಿ ಜಪಾನಿನ ಸಂಸ್ಥೆಯೊಂದು ಅದನ್ನು ಕೊಂಡುಕೊಂಡಿತು. ನಮ್ಮ ಸಮುದಾಯದವರೇ ಆದ ವಾಲ್ಟರ್ ನಂದಳಿಕೆಯವರು 2001ರಲ್ಲಿ ಆರಂಭಿಸಿದ ದಾಯ್ಜಿವರ್ಲ್ಡ್, ಊರ ಸುದ್ದಿಗಾಗಿ ಹಂಬಲಿಸುತ್ತಿದ್ದ ಪರದೇಶದ ಕರಾವಳಿಗರಿಗೆ ಮನೆಯ ಪತ್ರಿಕೆಯಂತಾಯಿತು. ದಾಯ್ಜಿ ಎಂದರೆ ಕೊಂಕಣಿಯಲ್ಲಿ ನೆಂಟ, ಕುಟುಂಬಸ್ಥ. ಆ ಹೆಸರಿನಲ್ಲೇ ವ್ಯಾಪಾರದ ಗುಟ್ಟಿದೆ. ನಮ್ಮವರು ಯಾವುದಕ್ಕಾಗಿ ಹಂಬಲಿಸುತ್ತಾರೆ ಎಂಬುದನ್ನು ನಮ್ಮಷ್ಟು ಬಲ್ಲವರು ಬೇರಾರು?

ಏನನ್ನು ಮಾರುವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾಲ್ಕು ಪರೀಕ್ಷೆಗಳನ್ನು ಸೂಚಿಸುತ್ತೇವೆ. ಒಂದು, ಆ ಕೆಲಸ ನಮಗೆ ಈಗಾಗಲೇ ಚೆನ್ನಾಗಿ ಬರುತ್ತದೆಯೇ? ಎರಡು, ಅದು ಬೇರೆ ಊರಿನಲ್ಲಿ ಸುಲಭವಾಗಿ ಸಿಗದ ವಸ್ತುವೇ? ಮೂರು, ಅಂಚೆಯಲ್ಲಿ ಹೋಗುವಾಗ ಕೆಡದೆ, ಒಡೆಯದೆ, ಹೆಚ್ಚು ತೂಗದೆ ಇರುತ್ತದೆಯೇ? ನಾಲ್ಕು, ಒಮ್ಮೆ ಕೊಂಡವರು ಮತ್ತೆ ಕೊಳ್ಳುವಂಥದೇ?

ಹಸಿ ಮೀನು ಎರಡನೆಯ ಪರೀಕ್ಷೆಯಲ್ಲಿ ಗೆದ್ದು ಮೂರನೆಯದರಲ್ಲಿ ಸೋಲುತ್ತದೆ. ಮರದ ಪೀಠೋಪಕರಣ ತೂಕದಲ್ಲಿ ಸೋಲುತ್ತದೆ. ಪೇಟೆಯಿಂದ ಸಗಟಾಗಿ ತಂದ ಬಟ್ಟೆಯನ್ನು ಮರುಮಾರಾಟ ಮಾಡುವುದು ಎರಡನೆಯದರಲ್ಲೇ ಸೋಲುತ್ತದೆ; ಏಕೆಂದರೆ ಅದೇ ಬಟ್ಟೆಯನ್ನು ಸಾವಿರ ಮಂದಿ ಮಾರುತ್ತಿದ್ದಾರೆ, ಹತ್ತು ರೂಪಾಯಿ ಕಡಿಮೆಗೆ. ಆದರೆ ನಮ್ಮ ಅಡುಗೆಮನೆಯ ಬಾಫಾತ್ ಪುಡಿ ನಾಲ್ಕರಲ್ಲೂ ಗೆಲ್ಲುತ್ತದೆ. ಅದು ಒಣ ವಸ್ತು, ಹಗುರ, ತಿಂಗಳುಗಟ್ಟಲೆ ಇರುತ್ತದೆ. ಊರು ಬಿಟ್ಟ ನಮ್ಮವರ ಮನೆಯಲ್ಲಿ ಭಾನುವಾರದ ಸಾರಿಗೆ ಅದು ಬೇಕೇ ಬೇಕು; ಮುಗಿದರೆ ಮತ್ತೆ ಬೇಕು. ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಕ್ರಿಸ್ಮಸ್ಸಿನ ಕುಸ್ವಾರ್ ಇವೂ ಇದೇ ಸಾಲಿಗೆ ಸೇರುತ್ತವೆ. ಕುಸ್ವಾರ್ ಮಾತ್ರ ವರ್ಷಕ್ಕೊಮ್ಮೆಯ ಬೆಳೆ.

ಸರಕೇ ಬೇಕೆಂದಿಲ್ಲ, ವಿದ್ಯೆಯನ್ನೂ ಮಾರಬಹುದು. ನಿವೃತ್ತ ಶಿಕ್ಷಕಿ ದೂರದ ಮೊಮ್ಮಕ್ಕಳ ಪೀಳಿಗೆಗೆ ಕನ್ನಡವನ್ನೋ ಕೊಂಕಣಿಯನ್ನೋ ಗಣಿತವನ್ನೋ ವಿಡಿಯೋ ಕರೆಯಲ್ಲಿ ಕಲಿಸಬಹುದು. ಬ್ಯಾಂಕಿನಿಂದ ನಿವೃತ್ತರಾದವರು ಸಣ್ಣ ಅಂಗಡಿಗಳ ಲೆಕ್ಕ ಬರೆದುಕೊಡಬಹುದು. ಪಿಟೀಲು, ಗಿಟಾರ್ ಬಲ್ಲವರು ಪಾಠ ಹೇಳಬಹುದು. ಇದಕ್ಕೆ ಸರಕಿನ ಖರ್ಚಿಲ್ಲ, ಉಳಿದರೆ ಕೆಡುವ ಭಯವಿಲ್ಲ. ಕೈಯಲ್ಲಿ ಕಾಸೇ ಇಲ್ಲದವರಿಗೆ ಇದೇ ಮೊದಲ ಮೆಟ್ಟಿಲೆಂದು ನಮ್ಮ ಅಭಿಪ್ರಾಯ.

ಲೆಕ್ಕದ ಪುಸ್ತಕ

ಉತ್ಸಾಹದಿಂದ ಆರಂಭವಾಗಿ ಬೇಗನೆ ಮುಚ್ಚಿಹೋಗುವ ವ್ಯಾಪಾರಗಳಿಗೆ ಹೆಚ್ಚಾಗಿ ಕಾರಣ ಗಿರಾಕಿಯ ಕೊರತೆಯಲ್ಲ, ಲೆಕ್ಕದ ಕೊರತೆ. ಆದುದರಿಂದ ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಇದು ಉದಾಹರಣೆಗಾಗಿ ಮಾತ್ರ. ದರಗಳನ್ನು ನೀವು ನಿಮ್ಮ ಪೇಟೆಯಲ್ಲಿ ಕೇಳಿ ತಿದ್ದಿಕೊಳ್ಳಬೇಕು.

ಕೈಯಲ್ಲಿ 5,000 ರೂಪಾಯಿ ಇದೆಯೆನ್ನಿ. ಐದು ಕಿಲೋ ಮಸಾಲೆ ಪುಡಿ ಮಾಡಲು ಮೆಣಸು, ಕೊತ್ತಂಬರಿ ಮುಂತಾದುವಕ್ಕೆ 2,500 ರೂಪಾಯಿ; ಹುರಿಯುವ ಗ್ಯಾಸಿಗೂ ಗಿರಣಿಗೂ 250; ಪೊಟ್ಟಣ, ಚೀಟಿಗಳಿಗೆ 250. ಒಟ್ಟು 3,000. ಇದರಿಂದ 200 ಗ್ರಾಂನ 25 ಪೊಟ್ಟಣಗಳಾಗುತ್ತವೆ. ಒಂದಕ್ಕೆ 120 ರೂಪಾಯಿ ಬಿತ್ತು. ಇಲ್ಲಿಗೆ ಲೆಕ್ಕ ಮುಗಿಯಿತೆಂದು 150ಕ್ಕೆ ಮಾರಿ, 30 ರೂಪಾಯಿ ಲಾಭವೆಂದು ಸಂತೋಷಪಡುವವರೇ ಹೆಚ್ಚು. ಆದರೆ ಹತ್ತು ಗಂಟೆ ಒಲೆಯ ಮುಂದೆ ನಿಂತವರಿಗೆ ಕೂಲಿ ಬೇಡವೇ? ಗಂಟೆಗೆ 60ರಂತೆ 600 ರೂಪಾಯಿ, ಅಂದರೆ ಪೊಟ್ಟಣಕ್ಕೆ 24. ಹರಿದುಹೋಗುವ, ಕೆಡುವ ಪೊಟ್ಟಣಗಳಿಗಾಗಿ 6 ರೂಪಾಯಿ ತೆಗೆದಿಡಿ. ನಿಜವಾದ ವೆಚ್ಚ 150 ಆಯಿತು. 150ಕ್ಕೆ ಮಾರಿದರೆ ದೊರೆಯುವ ಲಾಭ ಸೊನ್ನೆ.

200ಕ್ಕೆ ಮಾರಿದರೆ ಪೊಟ್ಟಣಕ್ಕೆ 50 ರೂಪಾಯಿ ಉಳಿಯುತ್ತದೆ. ಅಂಚೆಯ ವೆಚ್ಚವನ್ನು ಗಿರಾಕಿಯಿಂದ ಬೇರೆಯೇ ಪಡೆಯಬೇಕು, ಅದನ್ನು ಮೊದಲೇ ತಿಳಿಸಬೇಕು. ದೊಡ್ಡ ಮಾರಾಟ ಜಾಲತಾಣವೊಂದರ ಮೂಲಕ ಮಾರಿ, ಅವರು ನೂರಕ್ಕೆ 20ರಂತೆ ಕಡಿದುಕೊಂಡರೆ 40 ರೂಪಾಯಿ ಅಲ್ಲಿಗೇ ಹೋಯಿತು, ಉಳಿದದ್ದು 10. ಇನ್ನೊಂದು ಅಂಶ ನೋಡಿ. 25ರಲ್ಲಿ 20 ಪೊಟ್ಟಣ ಮಾತ್ರ ಮಾರಾಟವಾದರೆ ಬಂದದ್ದು 4,000. ಸರಕಿನ 3,000, ಕೂಲಿಯ 600 ಕಳೆದರೆ ಉಳಿದದ್ದು ಕೇವಲ 400. ಎಲ್ಲವೂ ಮಾರಾಟವಾಗಿದ್ದರೆ 1,400 ಉಳಿಯುತ್ತಿತ್ತು. ಕಪಾಟಿನಲ್ಲಿ ಉಳಿದ ಐದೇ ಪೊಟ್ಟಣಗಳು ಸಾವಿರ ರೂಪಾಯಿಯನ್ನು ನುಂಗಿದವು.

ಇದರಿಂದ ಮೂರು ನಿಯಮಗಳು ಹೊರಡುತ್ತವೆ. ಮೊದಲು ಬೇಡಿಕೆ ಪಡೆದು ಬಳಿಕ ಮಾಡು. ಇರುವ ಹಣವನ್ನೆಲ್ಲ ಮೊದಲ ಸಲವೇ ಸುರಿಯಬೇಡ; 3,000 ಹಾಕಿದರೆ 2,000 ಕೈಯಲ್ಲಿರಲಿ. ಮನೆಯ ಹಣ, ವ್ಯಾಪಾರದ ಹಣ ಎರಡಕ್ಕೂ ಎರಡು ಖಾತೆಯಿರಲಿ. ನಾಲ್ಕನೆಯದೊಂದು ನಿಯಮ ನಮ್ಮೂರಿಗೇ ವಿಶೇಷ: ಉದ್ರಿ ಬೇಡ. ಬಂಧುಗಳು, ನೆರೆಯವರು, ಒಂದೇ ವಾಳೆಯವರು. ಹಣ ಕೇಳಲು ಸಂಕೋಚ. ಆ ಸಂಕೋಚದ ಭಾರಕ್ಕೆ ಎಷ್ಟೋ ಅಂಗಡಿಗಳು ಕುಸಿದಿವೆ. ಮೊದಲ ದಿನವೇ ನಗುನಗುತ್ತ ಹೇಳಿಬಿಟ್ಟರೆ ಯಾರಿಗೂ ನೋವಿಲ್ಲ.

ಕಾನೂನಿಗೆ ಹೆದರಬೇಡಿ, ಮರೆಯಲೂ ಬೇಡಿ

ಆಹಾರ ಪದಾರ್ಥ ಮಾರುವವರು ಮನೆಯಲ್ಲೇ ತಯಾರಿಸಿದರೂ ಆಹಾರ ಸುರಕ್ಷತಾ ಕಾನೂನಿನಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಸಣ್ಣ ತಯಾರಕರಿಗೆ ಅದರ ಶುಲ್ಕ ಅತ್ಯಲ್ಪ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ತೂಕ, ಬೆಲೆ, ತಯಾರಿಸಿದ ತಿಂಗಳು, ಬಳಸಬಹುದಾದ ಅವಧಿ, ಒಳಗಿನ ಪದಾರ್ಥಗಳು, ದೂರಿಗಾಗಿ ದೂರವಾಣಿ ಇವುಗಳನ್ನು ಅಚ್ಚುಮಾಡಿಸಬೇಕು. ಇದು ತೊಂದರೆಯೆನಿಸಬಹುದು, ವಾಸ್ತವದಲ್ಲಿ ಅಪರಿಚಿತ ಗಿರಾಕಿ ಮೊದಲು ನೋಡುವುದು ಇದನ್ನೇ.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ಎಂಬ ಮಿತಿಯಿದೆ. ಆದರೆ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಮಿತಿಯೊಳಗಿದ್ದರೂ ನೋಂದಣಿ ಬೇಕಾಗುತ್ತದೆ. ಈ ಅಂಶವನ್ನು ಅನೇಕರು ಅರಿಯರು. ಆದುದರಿಂದ ಮೊದಲ ಗಿರಾಕಿಗಳನ್ನು ಮಂಗಳೂರು, ಮೈಸೂರು, ಬೆಂಗಳೂರುಗಳಲ್ಲಿ ಹುಡುಕಿ. ಮುಂಬಯಿಗೆ ಕೈಚಾಚುವ ಮೊದಲು ಲೆಕ್ಕಪರಿಶೋಧಕರೊಬ್ಬರನ್ನು ಕೇಳಿ. ವಿದೇಶಕ್ಕೆ ಆಹಾರ ಕಳುಹಿಸುವುದಕ್ಕೆ ಬೇರೆಯೇ ನಿಯಮಗಳಿವೆ.

2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ತೆರಿಗೆ ಇಲಾಖೆಯ ನೋಟೀಸುಗಳು ಬಂದುದು ನಿಮಗೆ ನೆನಪಿರಬಹುದು. ಹೆದರಿದ ಕೆಲವರು ಕ್ಯೂಆರ್ ಕೋಡನ್ನೇ ಕಿತ್ತುಹಾಕಿದರು. ನಾವು ಕಲಿಯಬೇಕಾದುದು ಅದನ್ನಲ್ಲ. ಖಾತೆಗೆ ಬಂದ ಪ್ರತಿ ರೂಪಾಯಿ ಮಗ ಕಳುಹಿಸಿದ್ದೋ ಗಿರಾಕಿ ಕೊಟ್ಟದ್ದೋ ಎಂಬುದನ್ನು ತೋರಿಸಬಲ್ಲ ಪುಸ್ತಕವಿದ್ದವನಿಗೆ ಉತ್ತರ ಸಿದ್ಧವಿರುತ್ತದೆ.

ಕಲಿಯಲು, ಸಾಲ ಪಡೆಯಲು ದಾರಿಗಳೂ ಇವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಬ್ರಹ್ಮಾವರದಲ್ಲಿದ್ದು, ಸ್ವ-ಉದ್ಯೋಗಕ್ಕೆ ಉಚಿತ ತರಬೇತಿ ಕೊಡುತ್ತದೆ. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಕೂಡ ಇದೇ ಕ್ಷೇತ್ರದಲ್ಲಿ ದುಡಿದ ಸಂಸ್ಥೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಅಡವಿಲ್ಲದೆ ಸಾಲ ದೊರೆಯುತ್ತದೆ. ಆದರೂ ಮೊದಲ ಐವತ್ತು ಗಿರಾಕಿಗಳು ಸಿಗುವವರೆಗೆ ಸಾಲದ ಗೊಡವೆಗೆ ಹೋಗದಿರುವುದೇ ಲೇಸು.

ಮೋಸದ ಬಲೆ

ಈಗ ನೋವಿನ ವಿಷಯ. ಮನೆಯಲ್ಲಿ ಕುಳಿತು ದಿನಕ್ಕೆ ಸಾವಿರಾರು ಗಳಿಸಿರಿ ಎಂಬ ಜಾಹೀರಾತನ್ನು ನಂಬಿ, ನೋಂದಣಿ ಶುಲ್ಕವೆಂದೂ ತರಬೇತಿ ಶುಲ್ಕವೆಂದೂ ಹಂತಹಂತವಾಗಿ ಹಣ ಕಟ್ಟಿ ಕಳೆದುಕೊಂಡವರು ಎಲ್ಲ ಊರುಗಳಲ್ಲಿದ್ದಾರೆ. ಅವರಲ್ಲಿ ಓದಿದವರೂ ಇದ್ದಾರೆ. ನಾಚಿಕೆಯಿಂದ ಹೊರಗೆ ಹೇಳುವುದಿಲ್ಲ, ಅಷ್ಟೆ. ಒಂದು ಸೂತ್ರವನ್ನು ಮಕ್ಕಳಿಗೂ ಮುದುಕರಿಗೂ ಬಾಯಿಪಾಠ ಮಾಡಿಸಿ: ಕೆಲಸ ಕೊಡುವವನು ಹಣ ಕೊಡುತ್ತಾನೆ, ಹಣ ಕೇಳುವುದಿಲ್ಲ.

ಎರಡನೆಯ ಬಲೆ ವ್ಯಾಪಾರಿಗಳಿಗಾಗಿಯೇ ಹೆಣೆದದ್ದು. ದೊಡ್ಡ ಬೇಡಿಕೆ ಬರುತ್ತದೆ. ಗಿರಾಕಿ ದೊಡ್ಡ ಅಧಿಕಾರಿಯೆಂದು ಹೇಳಿಕೊಳ್ಳುತ್ತಾನೆ. ಹಣ ಕಳುಹಿಸಿದ್ದೇನೆ, ಈ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಬರುತ್ತದೆ ಎನ್ನುತ್ತಾನೆ. ಒತ್ತಿದೊಡನೆ ಖಾತೆ ಬರಿದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಹಾಗೆಯೇ ಹಣ ಸಂದಾಯವಾದ ಚಿತ್ರವನ್ನು ತೋರಿಸಿದರೆ ಸಾಲದು. ನಮ್ಮ ಖಾತೆಯಲ್ಲಿ ಕಂಡ ಮೇಲೆಯೇ ಸರಕು ಹೊರಡಬೇಕು. ಮೋಸಹೋದರೆ ಕಾಯದೆ ತಕ್ಷಣ 1930 ಸಂಖ್ಯೆಗೆ ಕರೆಮಾಡಬೇಕು. ತಡವಾದಷ್ಟೂ ಹಣ ಮರಳುವ ಆಸೆ ಕ್ಷೀಣಿಸುತ್ತದೆ.

ನಾವೂ ಮೋಸ ಮಾಡಬಾರದು ಎಂಬುದನ್ನು ಈ ಸಭೆಯಲ್ಲಿ ಹೇಳಬೇಕಾಗಿಲ್ಲ. ಆದರೂ ಚಿಕ್ಕ ಮೋಸಗಳು ಕಣ್ತಪ್ಪಿಸಿ ನುಸುಳುತ್ತವೆ. ಚಿತ್ರದಲ್ಲಿ ಒಂದು, ಪೊಟ್ಟಣದಲ್ಲಿ ಇನ್ನೊಂದು. 200 ಗ್ರಾಂನಲ್ಲಿ ಐದು ಗ್ರಾಂ ಕಡಿಮೆ. ನೆಂಟರಿಂದ ಬರೆಯಿಸಿದ ಹೊಗಳಿಕೆ. ಪೇಟೆಯ ಅಂಗಡಿಯಲ್ಲಿ ಬೇಸರಗೊಂಡ ಗಿರಾಕಿ ಹತ್ತು ಮಂದಿಗೆ ಹೇಳುತ್ತಿದ್ದ. ಅಂತರ್ಜಾಲದಲ್ಲಿ ಅವನು ಬರೆದುದನ್ನು ಅಳಿಸುವವರಿಲ್ಲ. ಪ್ರಾಮಾಣಿಕತೆ ಸದ್ಗುಣವೆಂಬುದು ಒಂದು ಕಡೆ. ಬಡವನಿಗೆ ಅದೇ ಅತ್ಯಂತ ಅಗ್ಗದ ಜಾಹೀರಾತು ಎಂಬುದು ಮತ್ತೊಂದು ಕಡೆ.

ಧರ್ಮಕೇಂದ್ರ ಮಾಡಬಹುದಾದುದು

ಒಬ್ಬೊಬ್ಬರೇ ಹೊರಲಾರದ ಭಾರವನ್ನು ಕೂಡಿ ಹೊರುವುದು ನಮಗೆ ಹೊಸತಲ್ಲ. ಇಗರ್ಜಿ ಕಟ್ಟಿದ್ದೂ ಹಾಗೆಯೇ. ಶತಮಾನೋತ್ಸವದ ನೆನಪಿಗಾಗಿ ಮೂರು ಚಿಕ್ಕ ಕಾರ್ಯಗಳನ್ನು ಸೂಚಿಸುತ್ತೇವೆ.

ಮೊದಲನೆಯದು, ಸಾಮಾನ್ಯ ಸಲಕರಣೆ. ಒಳ್ಳೆಯ ತಕ್ಕಡಿ, ಪೊಟ್ಟಣದ ಬಾಯಿ ಬೆಸೆಯುವ ಯಂತ್ರ, ಚೀಟಿ ಅಚ್ಚುಹಾಕುವ ಯಂತ್ರ ಇವು ಪ್ರತಿ ಮನೆಗೂ ಬೇಕಿಲ್ಲ. ಸಭಾಭವನದ ಒಂದು ಮೂಲೆಯಲ್ಲಿ ಇದ್ದರೆ ಹತ್ತು ಮನೆಗಳಿಗೆ ಸಾಕು. ಎರಡನೆಯದು, ಜೋಡಿ. ಮೊಬೈಲಿನ ವಿದ್ಯೆ ಬಲ್ಲ ಒಬ್ಬ ತರುಣನೋ ತರುಣಿಯೋ ಅಡುಗೆ, ಹೊಲಿಗೆ ಬಲ್ಲ ಮೂರು ಮನೆಗಳ ಹೊಣೆ ಹೊರಲಿ. ಚಿತ್ರ ತೆಗೆಯುವುದು, ದರಪಟ್ಟಿ ಬರೆಯುವುದು, ಪಾವತಿ ಪರೀಕ್ಷಿಸುವುದು ಅವರಿಗೆ ಅರ್ಧ ತಾಸಿನ ಕೆಲಸ. ಹಿರಿಯರಿಗೆ ಅದು ಬೆಟ್ಟ. ಹಿರಿಯರಿಗೆ ಬೆರಳ ತುದಿಯಲ್ಲಿರುವ ಹದ ಕಿರಿಯರಿಗೆ ಬೆಟ್ಟ. ಎರಡು ಬೆಟ್ಟಗಳು ಹೀಗೆ ಎದುರುಬದುರಾದರೆ ಎರಡೂ ಕರಗಿಯಾವು. ಮೂರನೆಯದು, ಮೊದಲ ಗಿರಾಕಿಗಳು. ಪರದೇಶದಲ್ಲಿರುವ ನಮ್ಮವರು ರಜೆಗೆ ಬಂದಾಗ ಪೇಟೆಯ ದೊಡ್ಡ ಅಂಗಡಿಯಿಂದ ಕೊಂಡೊಯ್ಯುವ ಉಡುಗೊರೆಗಳಲ್ಲಿ ಒಂದು ಪಾಲನ್ನು ಊರ ಮನೆಗಳಿಂದ ಕೊಳ್ಳಲಿ. ದಾನ ಕೊಡುವ ಕೈಗಿಂತ ನ್ಯಾಯವಾದ ಬೆಲೆಗೆ ಕೊಳ್ಳುವ ಕೈ ಬಡವನ ಮಾನವನ್ನು ಹೆಚ್ಚು ಕಾಯುತ್ತದೆ.

ಬಂಧುಗಳೇ, ಮುಂದಿನ ನೂರು ವರ್ಷಗಳಲ್ಲಿ ಈ ದೇವಾಲಯದ ಗಂಟೆಯನ್ನು ಕೇಳುವವರು ಊರಲ್ಲಿ ಇರಬೇಕಾದರೆ ಊರಲ್ಲಿ ಬದುಕಲು ಕೆಲಸವೂ ಇರಬೇಕು. ಹೋಗಲೇಬೇಕಾದವರು ಹೋಗಲಿ, ಅವರಿಗೆ ನಮ್ಮ ಹಾರೈಕೆ. ಆದರೆ ಉಳಿಯಲಿಚ್ಛಿಸುವವರು ಬೇರೆ ಗತಿಯಿಲ್ಲವೆಂಬ ಒಂದೇ ಕಾರಣಕ್ಕೆ ಹೊರಡುವಂತಾಗಬಾರದು. ಹತ್ತು ಮನೆಗಳಲ್ಲಿ ತಿಂಗಳಿಗೆ ನಾಲ್ಕೈದು ಸಾವಿರ ರೂಪಾಯಿಯ ಆಸರೆ ಹುಟ್ಟಿದರೂ ಈ ಗೋಷ್ಠಿ ಸಾರ್ಥಕ. ಈ ವಾರ ಮಾಡಬೇಕಾದುದು ಇಷ್ಟೇ: ನಿಮಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಗುರುತಿಸಿ, ಅದರ ವೆಚ್ಚವನ್ನು, ನಿಮ್ಮ ಕೂಲಿಯನ್ನೂ ಸೇರಿಸಿ, ಒಂದು ಹಾಳೆಯ ಮೇಲೆ ಬರೆಯಿರಿ, ಪರಿಚಯದ ಹತ್ತು ಮಂದಿಗೆ ಅದನ್ನು ತಿಳಿಸಿರಿ. ಮೂವರಿಂದ ಬೇಡಿಕೆ ಬಂದರೆ ಅಂಗಡಿ ತೆರೆದಂತೆಯೇ.